ನೀರಿನ ಐರಿಸ್‌ಗೂ ಚಳಿಗಾಲದಲ್ಲಿ ನೀರು ಬಸಿಯಬೇಕು

ಪ್ರಶ್ನೆ: ನಾನು ಮಂಡ್ಯದವಳು. ಮೇ ತಿಂಗಳಿಂದ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಹಿತ್ತಲಲ್ಲಿ ಒಂದೂವರೆ ಅಡಿ ಆಳದ ಪುಟ್ಟ ಕೊಳ ಇದೆ. ನಾನೇ ಆಸೆಪಟ್ಟು ಮೂರು ಐರಿಸ್ ಹೂಗಿಡದ ಕುಂಡ ಕೊಂಡು ಅದರ ಅಂಚಿನ ಮೆಟ್ಟಿಲ ಮೇಲೆ ಇಟ್ಟೆ. ಚೀಟಿಯಲ್ಲಿ ಒಂದಕ್ಕೆ ಜಪಾನೀಸ್ ಐರಿಸ್, ಒಂದಕ್ಕೆ ನಾರ್ದರ್ನ್ ಬ್ಲೂ ಫ್ಲ್ಯಾಗ್, ಇನ್ನೊಂದಕ್ಕೆ ಲೂಸಿಯಾನಾ ಐರಿಸ್ ಅಂತ ಇತ್ತು. ಮೂರೂ ಹೂ ಬಿಟ್ಟವು. ಅಕ್ಟೋಬರ್ ಕೊನೆಗೆ ನಾನು ಊರಿಗೆ ಹೊರಡಬೇಕು. ಚಳಿಗಾಲದಲ್ಲಿ ಕೊಳವೆಲ್ಲ ಕಲ್ಲಿನ ಹಾಗೆ ಗಟ್ಟಿಯಾಗುತ್ತದಂತೆ. ನೀರಿನ ಗಿಡ, ಹಾಗೇ ಬಿಡಿ ಅಂತ ಕೆಲವರು ಹೇಳುತ್ತಾರೆ. ಸತ್ತುಹೋಗುತ್ತದೆ, ತೆಗೀರಿ ಅಂತ ಇನ್ನು ಕೆಲವರು. ಯಾವುದು ಸರಿ? ಒಂದೊಂದು ಗೆಡ್ಡೆ ಮಂಡ್ಯಕ್ಕೆ ತಂದು ನಮ್ಮ ಕಾಲುವೆ ಪಕ್ಕ ಹಾಕಬಹುದಾ?

ಉತ್ತರ: ಅಮ್ಮಾ, ನೀವು ಸೆಪ್ಟೆಂಬರ್ ಮೊದಲ ವಾರದಲ್ಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಈ ಪ್ರಶ್ನೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬರುತ್ತದೆ, ಗಿಡ ಕೊಳೆತ ಮೇಲೆ. ಆಗ ಹೇಳಲು ಏನೂ ಉಳಿದಿರುವುದಿಲ್ಲ. ಈಗ ನಿಮ್ಮ ಕೈಯಲ್ಲಿ ಏಳೆಂಟು ವಾರ ಇದೆ. ನೆಲ ಗಟ್ಟಿಯಾಗಲು ಅದಕ್ಕಿಂತ ಜಾಸ್ತಿ ಸಮಯ ಇದೆ. ಮೂರು ಗಿಡವನ್ನೂ ಉಳಿಸಿಕೊಳ್ಳಲು ನೋಡಬಹುದು.

ಹಾಗೇ ಬಿಡಿ ಅಂದವರೂ ಸರಿ, ತೆಗೀರಿ ಅಂದವರೂ ಸರಿ. ಅವರು ಬೇರೆ ಬೇರೆ ಗಿಡದ ಬಗ್ಗೆ ಹೇಳುತ್ತಿದ್ದಾರೆ, ಅಷ್ಟೇ. ನಿಮ್ಮ ಮೂರು ಕುಂಡದಲ್ಲಿ ಒಂದು ಅಲ್ಲಿಯದೇ ಗಿಡ. ಒಂದು ಚಳಿ ತಡೆಯುತ್ತದೆ, ಆದರೆ ಚಳಿಗಾಲದ ನೀರು ತಡೆಯುವುದಿಲ್ಲ. ಇನ್ನೊಂದಕ್ಕೆ ಆ ಚಳಿಯೇ ಕಷ್ಟ.

ಮೊದಲು ಜಪಾನೀಸ್ ಐರಿಸ್ ವಿಷಯ. ಜಾಸ್ತಿ ಸಾಯುವುದು ಇದೇ. ಕಾರಣ ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ನೀವು ಗದ್ದೆಯಲ್ಲಿ ಓಡಾಡಿದವರು. ಭತ್ತ ನೀರಿನ ಬೆಳೆ. ನಾಟಿ ಹಾಕಿದ ದಿನದಿಂದ ನೀರು ಕಟ್ಟುತ್ತೇವೆ. ಹಾಗಂತ ಕೊಯ್ಲಿನವರೆಗೂ ನೀರು ನಿಲ್ಲಿಸುತ್ತೇವಾ? ತೆನೆ ಬಲಿತ ಮೇಲೆ ಬದು ಕಡಿದು ನೀರು ಬಸಿಯುತ್ತೇವೆ. ಆ ಹೊತ್ತಿಗೆ ಗದ್ದೆಯಲ್ಲಿ ನೀರು ನಿಂತರೆ ಬೆಳೆಗೆ ಕೇಡು ಅಂತ ಎಲ್ಲರಿಗೂ ಗೊತ್ತು. ಜಪಾನೀಸ್ ಐರಿಸ್ ಕೂಡ ಅಷ್ಟೇ. ಚಿಗುರಿನಿಂದ ಹೂವಿನವರೆಗೆ ಎಷ್ಟು ನೀರು ಕೊಟ್ಟರೂ ಕುಡಿಯುತ್ತದೆ. ಹೂ ಮುಗಿದ ಮೇಲೆ ನೀರು ಕಡಿಮೆ ಆಗಬೇಕು. ಚಳಿಗಾಲಕ್ಕೆ ಬುಡದಲ್ಲಿ ನೀರು ನಿಲ್ಲಲೇಬಾರದು.

ಇದು ಆ ಗಿಡದ ಹುಟ್ಟೂರಿನ ಗುಣ. ಜಪಾನ್, ಕೊರಿಯಾ, ಚೀನಾದ ಈಶಾನ್ಯ ಭಾಗ, ಸೈಬೀರಿಯಾದ ಪೂರ್ವದ ಅಂಚು, ಇವು ಅದರ ಊರುಗಳು. ಅಲ್ಲಿ ಹುಲ್ಲುಗಾವಲಿನ ತಗ್ಗಿನಲ್ಲಿ ಬೆಳೆಯುತ್ತದೆ. ಟೋಕಿಯೊ ಕಡೆ ಮಳೆ ಹಿಡಿಯುವುದು ಜೂನ್‌ನಲ್ಲಿ, ನಮ್ಮ ಹಾಗೇ. ಆಗ ಇದು ಹೂ ಬಿಡುತ್ತದೆ. ಚಳಿಗಾಲ ಮಾತ್ರ ಅಲ್ಲಿ ಒಣ ಕಾಲ. ಚಳಿ ಇರುತ್ತದೆ, ಮಳೆ ಕಡಿಮೆ. ಟೋಕಿಯೊದ ಹೊರಿಕಿರಿ ಐರಿಸ್ ತೋಟ, ಮೇಜಿ ಜಿಂಗೂ ದೇವಾಲಯದ ಒಳತೋಟ ಎರಡೂ ಈ ಹೂವಿಗೆ ಹೆಸರುವಾಸಿ. ಜೂನ್‌ನಲ್ಲಿ ತೆಗೆದ ಫೋಟೊ ನೋಡಿದರೆ ಮಡಿಗಳ ನಡುವೆ ನೀರು ತುಂಬಿರುತ್ತದೆ. ಅದನ್ನು ನೋಡಿಯೇ ಜನ ಇದು ಕೊಳದ ಗಿಡ ಅಂದುಕೊಳ್ಳುವುದು. ಚಳಿಗಾಲದ ಫೋಟೊ ಯಾರೂ ಹಾಕುವುದಿಲ್ಲ.

ಇನ್ನು ಬುಡದಲ್ಲಿ ನೀರು ನಿಂತು ಹೆಪ್ಪುಗಟ್ಟಿದರೆ ಏನಾಗುತ್ತದೆ? ನೀರು ಐಸ್ ಆಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಒದ್ದೆ ಮಣ್ಣಿನಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಮೇಲಿನ ಮಣ್ಣು ಗಟ್ಟಿಯಾಗುತ್ತಿದ್ದ ಹಾಗೆ ಅದು ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಆ ನೀರು ಮಣ್ಣಿನೊಳಗೆ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಐಸ್ ಆಗುತ್ತದೆ. ಬಿಲ್ಲೆ ದಪ್ಪವಾದಂತೆ ಮೇಲಿನ ಮಣ್ಣನ್ನು, ಅದರ ಜೊತೆ ಗಿಡದ ಬುಡವನ್ನು ಎತ್ತಿ ಹಾಕುತ್ತದೆ. ಎತ್ತುವಾಗ ಸಣ್ಣ ಬೇರು ಹರಿಯುತ್ತವೆ. ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾಗಿ, ಹೀಗೆ ಹತ್ತಾರು ಸಲ ಆದರೆ ಬುಡ ನೆಲದ ಮೇಲೆ ಬಂದು ಕೂತಿರುತ್ತದೆ. ಬೇರು ಗಾಳಿಗೆ ಒಣಗುತ್ತದೆ. ಹರಿದ ಕಡೆ ಕೊಳೆ ಸೇರುತ್ತದೆ. ಚಳಿ ಅಂತ ನಾವು ಹೆಸರಿಡುತ್ತೇವೆ. ಗಿಡವನ್ನು ಕೊಂದದ್ದು ನೀರು.

ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಮೈಸೂರಿಗೆ ವಾಪಸ್ ಬರುವ ಮುಂಚೆ ಅಲ್ಲೇ ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೆಲವು ವರ್ಷ ಗಿಡಗಳ ಕೆಲಸ ಮಾಡಿದೆ. ಮೊದಲ ವರ್ಷ ಮನೆ ಹಿಂದೆ ಒಂದು ತೊಟ್ಟಿ ಇಟ್ಟು ಏಳು ಜಪಾನೀಸ್ ಐರಿಸ್ ಹಾಕಿದ್ದೆ. ಮಾರಿದ ಅಂಗಡಿಯವರು ನೀರಿನ ಗಿಡ, ಏನೂ ಮಾಡಬೇಡಿ ಅಂದಿದ್ದರು. ನಾನೂ ನಂಬಿದೆ. ಏಪ್ರಿಲ್‌ನಲ್ಲಿ ಐಸ್ ಕರಗಿತು. ಎಲೆಯ ಬುಡ ಹಿಡಿದು ಸ್ವಲ್ಪ ಎಳೆದೆ. ಏಳೂ ಕೈಗೆ ಬಂದುಬಿಟ್ಟವು. ಬುಡ ಮೆತ್ತಗೆ, ಕೊಳೆತ ವಾಸನೆ. ಅದೇ ಬೀದಿಯಲ್ಲಿ ಒಬ್ಬ ಹಿರಿಯರ ಮನೆಯಲ್ಲಿ ಅದೇ ಜಾತಿ ಗಿಡ ಸಾದಾ ಮಣ್ಣಿನ ಏರುಮಡಿಯಲ್ಲಿತ್ತು. ಒಂದೂ ಸತ್ತಿರಲಿಲ್ಲ. ಅದೇ ಚಳಿ, ಅದೇ ಹಿಮ. ಆ ಏಳು ಗಿಡ ಹೋದದ್ದು ನನಗೆ ಇವತ್ತಿಗೂ ಬೇಜಾರು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಈಗ ಮಾಡಬೇಕಾದ್ದು ಹೀಗೆ. ಈ ವಾರವೋ ಮುಂದಿನ ವಾರವೋ ಜಪಾನೀಸ್ ಐರಿಸ್ ಕುಂಡವನ್ನು ಕೊಳದಿಂದ ಎತ್ತಿ. ಒಂದು ದಿನ ನೆರಳಲ್ಲಿ ಇಟ್ಟು ನೀರು ಸೋರಲು ಬಿಡಿ. ಹಿತ್ತಲಲ್ಲಿ ಅರ್ಧ ದಿನವಾದರೂ ಬಿಸಿಲು ಬೀಳುವ, ಮಳೆ ನೀರು ನಿಲ್ಲದ ಜಾಗ ಹುಡುಕಿ. ಗೊತ್ತಾಗದಿದ್ದರೆ ಒಂದು ಅಡಿ ಗುಂಡಿ ತೋಡಿ ಬಕೆಟ್ ನೀರು ಸುರಿಯಿರಿ. ಮಾರನೇ ದಿನವೂ ನೀರು ನಿಂತಿದ್ದರೆ ಆ ಜಾಗ ಬೇಡ. ಜಾಗ ಸಿಕ್ಕ ಮೇಲೆ ಸುತ್ತಲಿನ ನೆಲಕ್ಕಿಂತ ನಾಲ್ಕೈದು ಇಂಚು ಎತ್ತರ ಬರುವ ಹಾಗೆ ಮಣ್ಣು ಏರಿಸಿ. ತಗ್ಗಿನ ಕಡೆಗೆ ಒಂದು ಸಣ್ಣ ಬಸಿಗಾಲುವೆ ತೆಗೆಯಿರಿ. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ನೆಡುವಾಗ ಬುಡದ ಮೇಲೆ ಎರಡು ಮೂರು ಇಂಚು ಮಣ್ಣು ಬರಬೇಕು. ಐರಿಸ್ ಗೆಡ್ಡೆ ಬಿಸಿಲಿಗೆ ಕಾಣುವ ಹಾಗೆ ಮೇಲೇ ನೆಡಬೇಕು ಅಂತ ಯಾರಾದರೂ ಹೇಳಿದರೆ, ಅದು ಗಡ್ಡದ ಐರಿಸ್ ಅನ್ನುವ ಬೇರೆ ಜಾತಿಯ ಮಾತು. ಆ ಹೂವಿನ ಕೆಳದಳದ ಮೇಲೆ ಕೂದಲಿನ ಎಳೆ ಇರುತ್ತದೆ. ಅದು ಒಣ ನೆಲದ ಗಿಡ. ನಿಮ್ಮ ಮೂರರಲ್ಲಿ ಯಾವುದೂ ಅದಲ್ಲ. ಜಪಾನೀಸ್ ಐರಿಸ್‌ಗೆ ಇನ್ನೊಂದು ಅಭ್ಯಾಸ ಇದೆ. ಹೊಸ ಬೇರನ್ನು ಪ್ರತಿ ವರ್ಷ ಹಳೆ ಬೇರಿನ ಮೇಲ್ಗಡೆ ಬಿಡುತ್ತದೆ. ಹಾಗಾಗಿ ವರ್ಷ ಕಳೆದಂತೆ ಬುಡ ತಾನಾಗೇ ಮೇಲೆ ಬರುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಅಗೆದು, ಬಿಡಿಸಿ, ಮತ್ತೆ ಕೆಳಗೆ ನೆಡಬೇಕು. ಈ ವರ್ಷ ಬಿಡಿಸುವುದು ಬೇಡ. ಕುಂಡದಲ್ಲಿ ಸುತ್ತಿಕೊಂಡ ಬೇರನ್ನು ಬೆರಳಲ್ಲಿ ಸಡಿಲ ಮಾಡಿ ಹಾಗೇ ನೆಡಿ.

ಮಣ್ಣು ಸ್ವಲ್ಪ ಹುಳಿ ಇರಬೇಕು. ಪಿಎಚ್ 5.5ರಿಂದ 6.5 ಅಂದರೆ ಅದಕ್ಕೆ ಹಿತ. ಸುಣ್ಣ, ಬೂದಿ, ಮೂಳೆಪುಡಿ ಹಾಕಬೇಡಿ. ಹೊಸ ಸಿಮೆಂಟ್ ಗೋಡೆಯ ಪಕ್ಕವೂ ಬೇಡ, ಅದರಿಂದ ಸುಣ್ಣ ಇಳಿಯುತ್ತದೆ. ಗೊಬ್ಬರ ಈಗ ಏನೂ ಬೇಡ. ಈಗ ಗೊಬ್ಬರ ಕೊಟ್ಟರೆ ಎಳೆ ಚಿಗುರು ಬಂದು ಮೊದಲ ಹಿಮಕ್ಕೇ ಕರಗಿಹೋಗುತ್ತದೆ.

ನೀರು ಬಸಿಯಬೇಕು ಅಂದೆ ಅಂತ ನೆಲ ಒಣಗಿಸಬೇಡಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ನೆಲ ಗಟ್ಟಿಯಾಗುವವರೆಗೂ ಮಣ್ಣು ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು. ನೆಟ್ಟ ಮೇಲೆ ಗಿಡ ಹೊಸ ಬೇರು ಬಿಡಲು ಆರರಿಂದ ಎಂಟು ವಾರ ಬೇಕು. ಮಿನಿಯಾಪೊಲಿಸ್‌ನಲ್ಲಿ ಮೊದಲ ಹಿಮ ಅಕ್ಟೋಬರ್‌ನಲ್ಲಿ ಬೀಳುತ್ತದೆ. ನೆಲ ಗಟ್ಟಿಯಾಗುವುದು ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ. ಸೆಪ್ಟೆಂಬರ್‌ನಲ್ಲೇ ನೆಟ್ಟರೆ ಗಿಡಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಎಲೆಯನ್ನು ಈಗ ಕತ್ತರಿಸಬೇಡಿ. ಹಸಿರಿರುವವರೆಗೂ ಅದು ಗೆಡ್ಡೆಗೆ ಊಟ ಕೂಡಿಡುತ್ತಿರುತ್ತದೆ.

ಬ್ಲೂ ಫ್ಲ್ಯಾಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಮಿನಿಯಾಪೊಲಿಸ್ ಇರುವ ಮಿನಿಸೋಟ ರಾಜ್ಯದ ಕೆರೆ ಅಂಚಿನದೇ ಗಿಡ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1999ರಲ್ಲಿ ಇದನ್ನೇ ತನ್ನ ಹೂವಾಗಿ ಆರಿಸಿಕೊಂಡಿತು. ಅಲ್ಲಿಯ ಚಳಿ ಹೇಗಿರುತ್ತದೆ ಅಂತ ಮಗಳನ್ನು ಕೇಳಿ. ಕೆಸರಿನಲ್ಲಿ ಬೇರು ಇದ್ದು, ಕೆಸರೇ ಹೆಪ್ಪುಗಟ್ಟಿದರೂ ಇದು ವಸಂತದಲ್ಲಿ ಎದ್ದು ಬರುತ್ತದೆ. ಒಂದೇ ಎಚ್ಚರಿಕೆ. ಕುಂಡದಲ್ಲಿರುವ ಬೇರಿಗೆ ನಾಲ್ಕೂ ಕಡೆಯಿಂದ ಚಳಿ ತಾಗುತ್ತದೆ, ನೆಲದಲ್ಲಿರುವ ಬೇರಿಗೆ ಮೇಲಿನಿಂದ ಮಾತ್ರ. ಹಾಗಾಗಿ ಸಾಧ್ಯವಾದರೆ ಕುಂಡದಿಂದ ತೆಗೆದು ಕೊಳದ ಅಂಚಿನ ಹಸಿ ಮಣ್ಣಿಗೆ ನೆಡಿ. ಆಗದಿದ್ದರೆ, ಎಲೆ ಕಂದಿದ ಮೇಲೆ ಅಂಚಿನ ಮೆಟ್ಟಿಲಿನಿಂದ ಕೊಳದ ತಳಕ್ಕೆ ಇಳಿಸಿ. ಮಣ್ಣಿನ ಕುಂಡ ಆಗಿದ್ದರೆ ಮಾತ್ರ ನೀರಲ್ಲಿ ಬಿಡಬೇಡಿ. ಐಸ್ ಅದನ್ನು ಒಡೆದು ಹಾಕುತ್ತದೆ.

ಲೂಸಿಯಾನಾ ಐರಿಸ್ ನಿಜಕ್ಕೂ ಕಷ್ಟದ್ದು. ಹೆಸರೇ ಹೇಳುವ ಹಾಗೆ ಇದು ಅಮೆರಿಕದ ತೆಂಕಣ ಗಿಡ, ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಕಡೆಯ ಜೌಗಿನದು. ಇದು ಒಂದೇ ಜಾತಿ ಅಲ್ಲ. ನಾಲ್ಕೈದು ಕಾಡುಜಾತಿಗಳನ್ನು ಬೆರೆಸಿ ಮಾಡಿದ ತಳಿಗಳಿಗೆಲ್ಲ ಸೇರಿ ಈ ಹೆಸರು. ಆ ಕಾಡುಜಾತಿಗಳಲ್ಲಿ ಒಂದೆರಡು ಉತ್ತರದ ಇಲಿನಾಯ್, ಒಹಾಯೊ ತನಕ ತಾವಾಗೇ ಬೆಳೆಯುತ್ತವೆ. ಆ ರಕ್ತ ಜಾಸ್ತಿ ಇದ್ದ ತಳಿ ಚಳಿ ಸ್ವಲ್ಪ ತಡೆಯುತ್ತದೆ. ನಿಮ್ಮ ಚೀಟಿಯಲ್ಲಿ ಬರೀ ಲೂಸಿಯಾನಾ ಅಂತ ಇದೆ. ಅಂದಮೇಲೆ ತಡೆಯುವುದಿಲ್ಲ ಅಂದುಕೊಂಡೇ ಕೆಲಸ ಮಾಡೋಣ.

ಅಮೆರಿಕದ ಕೃಷಿ ಇಲಾಖೆ ದೇಶವನ್ನು ಚಳಿಯ ಲೆಕ್ಕದಲ್ಲಿ ವಲಯಗಳಾಗಿ ಹಂಚಿದೆ. ನಂಬರ್ ಚಿಕ್ಕದಾದಷ್ಟೂ ಚಳಿ ಜಾಸ್ತಿ. 2023ರ ನಕ್ಷೆಯಲ್ಲಿ ಮಿನಿಯಾಪೊಲಿಸ್ 5ಎ ವಲಯದಲ್ಲಿದೆ. ವರ್ಷದ ಅತಿ ಚಳಿಯ ರಾತ್ರಿ ಮೈನಸ್ 26ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಅನ್ನುವ ಲೆಕ್ಕ ಅದು. ಜಪಾನೀಸ್ ಐರಿಸ್ 4ನೇ ವಲಯದವರೆಗೂ ಬದುಕುತ್ತದೆ. ಬ್ಲೂ ಫ್ಲ್ಯಾಗ್ 3ರವರೆಗೂ. ಲೂಸಿಯಾನಾ ತಳಿಗಳಿಗೆ ಸಾಮಾನ್ಯವಾಗಿ 6 ಅಂತ ಬರೆಯುತ್ತಾರೆ. ಗಿಡ ಕೊಳ್ಳುವಾಗ ಚೀಟಿಯ ಹಿಂದೆ ಈ ನಂಬರ್ ಇರುತ್ತದೆ. ಮುಂದಿನ ಸಲ ಅದನ್ನು ಮೊದಲು ನೋಡಿ.

ಕೊಳದ ತಳಕ್ಕೆ ಇಳಿಸಿದರೆ ಉಳಿಯುತ್ತದೆ ಅಂತ ಕೆಲವರು ಹೇಳಬಹುದು. ಆಳವಾದ ಕೊಳವಾದರೆ ಅದು ನಿಜ. ನೀರು 4 ಡಿಗ್ರಿಯಲ್ಲಿ ಅತಿ ಭಾರ ಇರುತ್ತದೆ. ಆ ನೀರು ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ, ಐಸ್ ಮೇಲೆ ತೇಲುತ್ತದೆ. ಮೀನು ಬದುಕುವುದೂ ಹೀಗೇ. ಆದರೆ ನಿಮ್ಮದು ಒಂದೂವರೆ ಅಡಿ. ಮಿನಿಯಾಪೊಲಿಸ್‌ನ ಚಳಿಗೆ ಅದು ತಳದವರೆಗೂ ಗಟ್ಟಿಯಾಗಬಹುದು. ಎರಡೂವರೆ ಮೂರು ಅಡಿ ಇದ್ದಿದ್ದರೆ ನಾನೂ ಇಳಿಸಿ ಅನ್ನುತ್ತಿದ್ದೆ.

ಹಾಗಾಗಿ ಇದನ್ನು ಮನೆಯೊಳಗೆ ತನ್ನಿ. ಬೆಚ್ಚಗಿನ ಹಾಲ್‌ಗೆ ಅಲ್ಲ. ಅಲ್ಲಿ ಹೀಟರ್ ಗಾಳಿಗೆ ಸೊರಗಿ ಸೊರಗಿ ಸಾಯುತ್ತದೆ. ಮಗಳ ಮನೆಯ ಬೇಸ್‌ಮೆಂಟ್‌ನಲ್ಲಿ ಅತಿ ತಣ್ಣಗಿನ ಮೂಲೆ ಯಾವುದು ನೋಡಿ. ಮನೆಗೆ ಅಂಟಿದ ಗ್ಯಾರೇಜ್ ಆದರೂ ಆಗುತ್ತದೆ, ಮನೆ ಗೋಡೆಯ ಪಕ್ಕದಲ್ಲಿ. ಒಂದು ಥರ್ಮಾಮೀಟರ್ ಇಟ್ಟು ವಾರ ನೋಡಿ. 2ರಿಂದ 7 ಡಿಗ್ರಿ ಒಳಗೆ ಇದ್ದರೆ ಒಳ್ಳೆಯದು. ಸೊನ್ನೆಗಿಂತ ಕೆಳಗೆ ಹೋಗುವ ಗ್ಯಾರೇಜ್ ಬೇಡ. ಅಕ್ಟೋಬರ್ ಮಧ್ಯದ ಹೊತ್ತಿಗೆ ಕುಂಡವನ್ನು ನೀರಿನಿಂದ ತೆಗೆದು, ಚೆನ್ನಾಗಿ ಸೋರಿಸಿ, ಅಲ್ಲಿಡಿ. ಕೆಳಗೆ ನೀರು ನಿಲ್ಲುವ ತಟ್ಟೆ ಇಡಬೇಡಿ. ಎರಡು ಮೂರು ವಾರಕ್ಕೊಮ್ಮೆ ಮಗಳು ಬೆರಳು ಇಟ್ಟು ನೋಡಲಿ. ಒಣಗಿದ ಹಾಗೆ ಅನಿಸಿದರೆ ಒಂದು ಲೋಟ ನೀರು, ಅಷ್ಟೇ. ನಮ್ಮವರು ಬಿತ್ತನೆ ಶುಂಠಿ, ಅರಿಶಿನ ಕಾಯ್ದಿಡುವಾಗ ನೋಡಿಕೊಳ್ಳುವ ಹಾಗೆ, ಒಣಗಿ ಸುಕ್ಕಾಗಬಾರದು, ಬೆವರಿ ಕೊಳೆಯಲೂಬಾರದು.

ಒಂದು ವಿಷಯ ಮಗಳಿಗೆ ಹೇಳಿ. ಲೂಸಿಯಾನಾ ಐರಿಸ್ ತನ್ನೂರಿನಲ್ಲಿ ಚಳಿಗಾಲದಲ್ಲೇ ಹಸಿರಾಗಿ ಬೆಳೆಯುವ ಗಿಡ. ಬೇಸಿಗೆ ಕೊನೆಗೆ ಸುಸ್ತಾಗಿ ಮಲಗುತ್ತದೆ. ಹಾಗಾಗಿ ಬೇಸ್‌ಮೆಂಟ್‌ನಲ್ಲೂ ಒಂದೆರಡು ಎಲೆ ಹಸಿರಾಗಿ ಉಳಿಯಬಹುದು. ಹೊಸ ಚಿಗುರೂ ಇಣುಕಬಹುದು. ಗಾಬರಿಯಾಗಿ ನೀರು ಸುರಿಯಬಾರದು. ಹಸಿರು ಇದ್ದರೆ ಕಿಟಕಿಯ ಹತ್ತಿರ ಸರಿಸಿದರೆ ಸಾಕು.

ಇನ್ನು ನೆಲದಲ್ಲಿ ನೆಟ್ಟ ಜಪಾನೀಸ್ ಐರಿಸ್ ಮಡಿಗೆ ಹೊದಿಕೆ. ನೀವು ಹೊರಡುವ ಹೊತ್ತಿಗೆ ಇದರ ಕಾಲ ಇನ್ನೂ ಬಂದಿರುವುದಿಲ್ಲ. ನಾನು ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಿಮಗೆ ಹೋಗುವ ಮುಂಚೆ ಎಲ್ಲ ಮುಚ್ಚಿ ಭದ್ರ ಮಾಡಿ ಹೋಗೋಣ ಅನಿಸುತ್ತದೆ. ತಾಯಿಯ ಮನಸ್ಸು ಹಾಗೇ ಅಲ್ವಾ. ಆದರೆ ಹೊದಿಕೆ ಹಾಕಬೇಕಾದ್ದು ನೆಲ ಗಟ್ಟಿಯಾದ ಮೇಲೆ, ಅದಕ್ಕೆ ಮುಂಚೆ ಅಲ್ಲ. ನಮ್ಮ ಕಡೆ ಕಬ್ಬಿನ ತರಗು ಮುಚ್ಚುವುದು ನೆಲದ ತೇವ ಉಳಿಸಲು. ಅಲ್ಲಿ ಹುಲ್ಲು ಹೊದಿಸುವುದು ನೆಲವನ್ನು ಬೆಚ್ಚಗಿಡಲು ಅಲ್ಲ, ತಣ್ಣಗೇ ಇಡಲು. ಒಮ್ಮೆ ಗಟ್ಟಿಯಾದ ನೆಲ ಹಗಲಿನ ಬಿಸಿಲಿಗೆ ಕರಗಬಾರದು. ಕರಗಿ ಗಟ್ಟಿಯಾಗಿ ಬುಡವನ್ನು ಎತ್ತುವ ಆ ಆಟ ನಡೆಯಬಾರದು. ಬೇಗ ಹೊದಿಸಿದರೆ ನೆಲ ಒದ್ದೆಯಾಗಿ ಬೆಚ್ಚಗೆ ಉಳಿದು ಬುಡ ಕೊಳೆಯುತ್ತದೆ. ಇಲಿಗಳೂ ಬಂದು ಮನೆ ಮಾಡುತ್ತವೆ.

ಮಗಳಿಗೆ ಗುರುತು ಹೀಗೆ ಹೇಳಿಕೊಡಿ. ನವೆಂಬರ್ ಕೊನೆಯಿಂದ ಆಗಾಗ ಒಂದು ಸ್ಕ್ರೂಡ್ರೈವರ್ ಮಡಿಗೆ ಚುಚ್ಚಿ ನೋಡಲಿ. ಅದು ಇಳಿಯದ ದಿನ ಹೊದಿಕೆ ಹಾಕಲಿ. ನಾಲ್ಕರಿಂದ ಆರು ಇಂಚು ದಪ್ಪ, ಒತ್ತದೆ ಸಡಿಲವಾಗಿ. ಪೈನ್ ಮರದ ಸೂಜಿ ಎಲೆ ಸಿಕ್ಕರೆ ಅದೇ ಶ್ರೇಷ್ಠ. ಇಲ್ಲದಿದ್ದರೆ ಗೋಧಿ ಹುಲ್ಲು. ಮೇಪಲ್ ಎಲೆ ಬೇಡ. ನೆನೆದರೆ ಚಪಾತಿ ಹಾಗೆ ಒಂದಕ್ಕೊಂದು ಅಂಟಿ ನೀರು ಹಿಡಿದು ಕೂರುತ್ತದೆ. ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಹಬ್ಬಕ್ಕೆ ಮನೆ ಮುಂದೆ ಕುಂಬಳಕಾಯಿ ಜೊತೆ ಹುಲ್ಲಿನ ಕಟ್ಟು ಇಡುತ್ತಾರೆ. ಹಬ್ಬ ಮುಗಿದ ಮೇಲೆ ಸುಮ್ನೆ ಬಿಸಾಡುತ್ತಾರೆ. ಅಳಿಯಂದಿರಿಗೆ ಹೇಳಿ ಒಂದು ಕಟ್ಟು ಒಣ ಜಾಗದಲ್ಲಿ ಎತ್ತಿಡಿಸಿ. ಕ್ರಿಸ್‌ಮಸ್ ಆದ ಮೇಲೆ ಅಲಂಕಾರದ ಮರದ ಕೊಂಬೆ ಕತ್ತರಿಸಿ ಹುಲ್ಲಿನ ಮೇಲೆ ಹಾಕಿದರೆ ಗಾಳಿಗೆ ಹಾರುವುದಿಲ್ಲ, ಹಿಮವನ್ನೂ ಹಿಡಿದಿಡುತ್ತದೆ.

ಹಿಮ ಬಿದ್ದರೆ ಹೆದರಬೇಡಿ. ಹೊಸ ಹಿಮದೊಳಗೆ ತುಂಬಾ ಗಾಳಿ ಇರುತ್ತದೆ. ಅದು ಕಂಬಳಿಯ ಕೆಲಸ ಮಾಡುತ್ತದೆ. ಹಿಮ ಇಲ್ಲದ ಒಣ ಚಳಿಯೇ ಗಿಡಕ್ಕೆ ಕೆಟ್ಟದ್ದು. ಆದರೆ ಕಾರು ನಿಲ್ಲಿಸುವ ಜಾಗದಿಂದ ತೋಡಿದ ಹಿಮವನ್ನು ಮಡಿ ಮೇಲೆ ಹಾಕಬಾರದು. ಅದರಲ್ಲಿ ಐಸ್ ಕರಗಿಸಲು ಎರಚಿದ ಉಪ್ಪು ಇರುತ್ತದೆ.

ಜನವರಿಯಲ್ಲಿ ಮಗಳು ಫೋನ್ ಮಾಡಿ ಇವತ್ತು ಮೈನಸ್ 25 ಅಂದಾಗ ನಿಮಗೆ ಗಿಡದ ಚಿಂತೆ ಹತ್ತುತ್ತದೆ. ಆದರೆ ಗಟ್ಟಿಯಾಗಿ ಮಲಗಿದ ಗಿಡಕ್ಕೆ ಜನವರಿ ಅಷ್ಟು ಅಪಾಯ ಅಲ್ಲ. ಅಪಾಯ ಮಾರ್ಚ್‌ನಲ್ಲಿ. ಆಗ ಹಗಲು 5 ಡಿಗ್ರಿ, ರಾತ್ರಿ ಮೈನಸ್ 5. ಮೇಲಿನ ಹಿಮ ಕರಗುತ್ತದೆ. ಕೆಳಗೆ ನೆಲ ಇನ್ನೂ ಕಲ್ಲು. ನೀರು ಇಳಿಯಲು ದಾರಿ ಇಲ್ಲ, ಬುಡದ ಸುತ್ತ ನಿಲ್ಲುತ್ತದೆ. ರಾತ್ರಿ ಐಸ್ ಆಗುತ್ತದೆ. ನಿಮ್ಮ ಏರುಮಡಿ, ಬಸಿಗಾಲುವೆ ಕೆಲಸಕ್ಕೆ ಬರುವುದು ಈ ಮೂರು ನಾಲ್ಕು ವಾರ. ಮಗಳು ಮಾರ್ಚ್‌ನಲ್ಲಿ ಆ ಕಾಲುವೆಯಲ್ಲಿ ಕಟ್ಟಿದ ಎಲೆ, ಐಸ್ ತೆಗೆದು ನೀರಿಗೆ ದಾರಿ ಬಿಟ್ಟರೆ ಅರ್ಧ ಗೆದ್ದ ಹಾಗೆ. ಹೊರಗೆ ಹಿತವಾಗಿದೆ ಅಂತ ಹೊದಿಕೆಯನ್ನು ಆಗಲೇ ಕಿತ್ತು ಹಾಕಬಾರದು. ಏಪ್ರಿಲ್‌ನಲ್ಲಿ ಎರಡು ಮೂರು ಸಲವಾಗಿ ತೆಗೆಯಲಿ. ಬುಡ ಎದ್ದು ಕೂತಿದ್ದರೆ ಅಂಗೈಯಲ್ಲಿ ಮೆಲ್ಲಗೆ ಒತ್ತಿ ಮಣ್ಣು ಕೊಡಲಿ. ಕಾಲಲ್ಲಿ ತುಳಿಯುವುದು ಬೇಡ.

ಚಿಗುರು ಒಂದು ಗೇಣು ಬಂದ ಮೇಲೆ ನೀರಿಗೆ ಮಿತಿ ಇಲ್ಲ. ಆಗ ಬಸಿಗಾಲುವೆಯ ಬಾಯಿ ಮುಚ್ಚಿ ಮಡಿಗೆ ನೀರು ಕಟ್ಟಬಹುದು. ಹೂ ಮುಗಿದ ಮೇಲೆ ಬಾಯಿ ತೆರೆಯಿರಿ. ಲೂಸಿಯಾನಾ ಕುಂಡ ಮಾತ್ರ ಮೇ ಮಧ್ಯದವರೆಗೂ ಕೊಳಕ್ಕೆ ಹೋಗುವುದು ಬೇಡ.

ಎಲೆ ಕತ್ತರಿಸುವ ವಿಷಯ ಬಾಕಿ ಇದೆ. ಹಿಮಕ್ಕೆ ಎಲೆ ಪೂರ್ತಿ ಕಂದಿದ ಮೇಲೆ, ನೆಲದ ಗಿಡವನ್ನು ಮೂರು ಇಂಚು ಬಿಟ್ಟು ಕತ್ತರಿಸಿ. ನೀರಿನಲ್ಲಿರುವ ಬ್ಲೂ ಫ್ಲ್ಯಾಗ್ ಎಲೆಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಕತ್ತರಿಸಿ. ಭತ್ತದ ಹಾಗೇ ಈ ಗಿಡಗಳ ಒಳಗೂ ಗಾಳಿಯ ಕೊಳವೆಗಳಿವೆ. ಕೆಸರಿನಲ್ಲಿರುವ ಬೇರಿಗೆ ಉಸಿರು ಹೋಗುವುದು ಅದರ ಮೂಲಕ. ತಳಕ್ಕೆ ಇಳಿಸುವುದಾದರೆ ಎಲೆಯನ್ನು ಉದ್ದವಾಗೇ ಬಿಡಿ. ಕತ್ತರಿಸಿದ ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕದೆ ಕಸಕ್ಕೆ ಕೊಟ್ಟುಬಿಡಿ. ಅಲ್ಲಿ ಐರಿಸ್ ಕೊರೆಯುವ ಒಂದು ಹುಳು ಇದೆ. ಅದರ ಪತಂಗ ಶರತ್ಕಾಲದಲ್ಲಿ ಹಳೆ ಎಲೆ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಚಳಿಗಾಲ ಕಳೆದು ಏಪ್ರಿಲ್, ಮೇ ಹೊತ್ತಿಗೆ ಒಡೆಯುತ್ತದೆ. ಮರಿಹುಳು ಎಲೆಯೊಳಗೆ ಸೇರಿ ಕೊರೆಯುತ್ತಾ ಗೆಡ್ಡೆಗೆ ಇಳಿಯುತ್ತದೆ. ಹಳೆ ಎಲೆ ತೆಗೆದರೆ ಔಷಧಿಯ ಅಗತ್ಯವೇ ಬೀಳುವುದು ಕಡಿಮೆ.

ಅಕ್ಕಪಕ್ಕದವರು ಹಳದಿ ಹೂವಿನ ನೀರಿನ ಐರಿಸ್ ಕೊಡುತ್ತೇನೆ ಅಂದರೆ ದಯವಿಟ್ಟು ಬೇಡ ಅನ್ನಿ. ಅದು ಯುರೋಪಿನ ಕಡೆಯಿಂದ ಬಂದದ್ದು. ಚಳಿಗೂ ಜಗ್ಗುವುದಿಲ್ಲ, ನೀರಿಗೂ ಜಗ್ಗುವುದಿಲ್ಲ. ಹೊಳೆ, ಕೆರೆ ಅಂಚಿಗೆ ಹೋದರೆ ಅಲ್ಲಿಯ ಸ್ವಂತ ಗಿಡಗಳನ್ನು ಮುಚ್ಚಿಹಾಕುತ್ತದೆ. ವಾಷಿಂಗ್ಟನ್, ಆರೆಗಾನ್ ರಾಜ್ಯಗಳು ಅದನ್ನು ಕಳೆ ಅಂತಲೇ ಪಟ್ಟಿ ಮಾಡಿವೆ. ನಮ್ಮ ಕೆರೆಗಳಲ್ಲಿ ಅಂತರಗಂಗೆ ಏನು ಮಾಡಿದೆ ಅಂತ ನೀವು ನೋಡಿದ್ದೀರಿ.

ಆ ಹಳದಿ ಐರಿಸ್‌ನ ಲ್ಯಾಟಿನ್ ಹೆಸರಿನ ಅರ್ಥವೇ ಸುಳ್ಳು ಬಜೆ ಅಂತ. ಎಲೆ ಅಷ್ಟು ನಮ್ಮ ಬಜೆ ಹಾಗೆ ಇರುತ್ತದೆ. ಐರಿಸ್ ಗೆಡ್ಡೆ ನೋಡಿದರೂ ಬಜೆ ಬೇರು ನೆನಪಾಗುತ್ತದೆ. ಮನೆಯಲ್ಲಿ ಎಳೆ ಮಗು ಇದ್ದರೆ ಬಜೆ ತೇಯ್ದು ನೆಕ್ಕಿಸುವ ಅಭ್ಯಾಸ ನಮ್ಮವರಿಗೆ ಇದೆ. ಐರಿಸ್ ಗೆಡ್ಡೆಯನ್ನು ಯಾವ ಕಾರಣಕ್ಕೂ ಬಾಯಿಗೆ ತರಬೇಡಿ. ವಾಂತಿ, ಭೇದಿ ಹಿಡಿಸುತ್ತದೆ. ನಾಯಿ ಬೆಕ್ಕಿಗೂ ಆಗದು. ಅಗೆದ ಮೇಲೆ ಕೈ ತೊಳೆಯಿರಿ.

ಕೊನೆಗೆ ಮಂಡ್ಯಕ್ಕೆ ತರುವ ಮಾತು. ಸೂಟ್‌ಕೇಸಿನಲ್ಲಿ ಗೆಡ್ಡೆ ತರಬೇಡಿ ಅಮ್ಮಾ. ಹೊರದೇಶದಿಂದ ನೆಡುವ ಗೆಡ್ಡೆ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಇಲ್ಲಿಯ ಅನುಮತಿ ಪತ್ರ ಬೇಕು. ಗಿಡಕ್ಕೆ ರೋಗ ಇಲ್ಲ ಅಂತ ಅಲ್ಲಿಯ ಸರ್ಕಾರ ಕೊಟ್ಟ ಪ್ರಮಾಣಪತ್ರವೂ ಬೇಕು. ಇದು ಸುಮ್ನೆ ಮಾಡಿದ ಕಾನೂನಲ್ಲ. ಒಂದು ಗೆಡ್ಡೆಯ ಜೊತೆ ಅಲ್ಲಿಯ ಹುಳುವೋ ಕೊಳೆರೋಗವೋ ಬಂದು ನಮ್ಮ ಶುಂಠಿ, ಅರಿಶಿನದ ಹೊಲ ಸೇರಿದರೆ ವಾಪಸ್ ಕಳಿಸಲು ಆಗುವುದಿಲ್ಲ.

ತಂದರೂ ಜಪಾನೀಸ್ ಐರಿಸ್, ಬ್ಲೂ ಫ್ಲ್ಯಾಗ್ ನಮ್ಮಲ್ಲಿ ಹೂ ಬಿಡುವುದು ಕಷ್ಟ. ಅವಕ್ಕೆ ವಾರಗಟ್ಟಲೆ ಚಳಿಯ ನಿದ್ದೆ ಬೇಕು. ಮೈಸೂರು, ಮಂಡ್ಯದಲ್ಲಿ ಜನವರಿ ರಾತ್ರಿ 15, 16 ಡಿಗ್ರಿ. ಅದು ಅವುಗಳ ಲೆಕ್ಕದಲ್ಲಿ ಚಳಿಯೇ ಅಲ್ಲ. ಎಲೆ ಬಿಟ್ಟುಕೊಂಡು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತವೆ. ಲೂಸಿಯಾನಾ ಮಾತ್ರ ನಮ್ಮ ಹವೆಗೆ ಹತ್ತಿರದ್ದು. ಭಾರತದಲ್ಲೇ ಬೆಳೆಸಿದ ಗಿಡ ನರ್ಸರಿಯಲ್ಲಿ ಸಿಕ್ಕರೆ ಕಾಲುವೆ ಪಕ್ಕ ಪ್ರಯತ್ನ ಮಾಡಿ.

ಅಲ್ಲಿಯವರೆಗೆ ಮನೆ ಮುಂದೆ ಐರಿಸ್ ಇರಲೇಬೇಕು ಅನಿಸಿದರೆ ಬ್ಲ್ಯಾಕ್‌ಬೆರಿ ಲಿಲ್ಲಿ ಅಂತ ಕೇಳಿ ತನ್ನಿ. ಕಿತ್ತಳೆ ಬಣ್ಣದ ಆರು ದಳ, ಮೇಲೆ ಕೆಂಪು ಚುಕ್ಕೆ. ಎಲೆ ಬೀಸಣಿಗೆ ಹಾಗೆ ಹರಡಿರುತ್ತದೆ. ಕಾಯಿ ಒಡೆದರೆ ಒಳಗೆ ಕರಿ ಮಣಿಗಳ ಗೊಂಚಲು. ಹೆಸರಲ್ಲಿ ಲಿಲ್ಲಿ ಇದ್ದರೂ 2005ರಲ್ಲಿ ಸಸ್ಯ ವಿಜ್ಞಾನಿಗಳು ಅದನ್ನು ಐರಿಸ್ ಕುಲಕ್ಕೇ ಸೇರಿಸಿದರು. ನಮ್ಮ ಬಿಸಿಲಿಗೆ ಚೆನ್ನಾಗಿ ಬರುತ್ತದೆ, ಬೀಜದಿಂದಲೂ ಹುಟ್ಟುತ್ತದೆ. ಆದರೆ ಅದನ್ನು ಕಾಲುವೆ ಪಕ್ಕ ಹಾಕಬೇಡಿ. ಅದಕ್ಕೆ ವರ್ಷದ ಯಾವ ತಿಂಗಳಲ್ಲೂ ಬುಡದಲ್ಲಿ ನೀರು ನಿಲ್ಲಬಾರದು. ಬದುವಿನ ಮೇಲೆ ಹಾಕಿ.